ಒಂಬತ್ತು ವಾರದ ಜಪಾನಿ

ಅಮೆರಿಕದ ವಿದೇಶಾಂಗ ಇಲಾಖೆಗೆ ತನ್ನದೇ ಒಂದು ಭಾಷಾಶಾಲೆಯಿದೆ. ಇಂಗ್ಲಿಷ್ ಮನೆಮಾತಿನ ಅಧಿಕಾರಿಯೊಬ್ಬ ಯಾವ ಭಾಷೆಯನ್ನು ಕೆಲಸಕ್ಕೆ ಸಾಲುವಷ್ಟು ಕಲಿಯಲು ಎಷ್ಟು ದಿನ ಹಿಡಿಯುತ್ತದೆ ಎಂದು ಅವರು ದಶಕಗಳಿಂದ ಲೆಕ್ಕ ಇಟ್ಟಿದ್ದಾರೆ. ಜಪಾನಿಗೆ 88 ವಾರ, ತರಗತಿಯಲ್ಲೇ 2,200 ಗಂಟೆ. ಅದೇ ದೇಶದ ಯೂಟಾ ರಾಜ್ಯದ ಪ್ರೋವೊ ಊರಲ್ಲಿ ಇನ್ನೊಂದು ಶಾಲೆಯಿದೆ, ಒಂದು ಕ್ರೈಸ್ತ ಸಮುದಾಯ ತನ್ನ ಮಿಷನರಿಗಳಿಗೆಂದು ನಡೆಸುವುದು. ಅಲ್ಲಿ ಹದಿನೆಂಟು ತುಂಬಿದ ಹುಡುಗನಿಗೆ ಅದೇ ಜಪಾನಿಯನ್ನು ಕಲಿಸಿ ವಿಮಾನ ಹತ್ತಿಸುವುದಕ್ಕೆ ಸುಮಾರು 9 ವಾರ. ವಾರಕ್ಕೆ ಐದು ಪೂರ್ತಿ ದಿನ, ದಿನಕ್ಕೆ ಎಂಟು ಗಂಟೆ ಎಂದು ಧಾರಾಳವಾಗಿ ಹಿಡಿದರೂ 360 ಗಂಟೆ. ಅದರಲ್ಲೂ ಒಂದು ಪಾಲು ಧರ್ಮಬೋಧನೆಯ ಅಭ್ಯಾಸಕ್ಕೆ ಹೋಗುತ್ತದೆ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಿನಿಂದ ಅವು ನನ್ನ ತಲೆಯಿಂದ ಇಳಿದಿಲ್ಲ. ಒಂಬತ್ತು ವಾರದವನು ಎಂಬತ್ತೆಂಟು ವಾರದವನಷ್ಟು ಕಲಿಯುವುದಿಲ್ಲ, ಅದು ಆಗುವ ಮಾತೂ ಅಲ್ಲ. ಆದರೆ ಅವನು ಮಾತಾಡುತ್ತಾನೆ. ತಪ್ಪುತಪ್ಪಾಗಿ, ತಡವರಿಸುತ್ತಾ, ಎದುರಿಗಿರುವವರ ಮುಖ ನೋಡಿ ಮಾತಾಡುತ್ತಾನೆ. ಹತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷನ್ನೋ ಹಿಂದಿಯನ್ನೋ ಓದಿ, ಒಳ್ಳೆಯ ಅಂಕ ತೆಗೆದು, ರೈಲಿನಲ್ಲಿ ಪಕ್ಕದವರ ಜೊತೆ ನಾಲ್ಕು ಮಾತಾಡಲು ಬಾಯಿ ಬಾರದ ನಮ್ಮ ಮಕ್ಕಳನ್ನು ನೋಡಿದವರಿಗೆ ಇದು ಸಣ್ಣ ಸಂಗತಿಯಲ್ಲ. ಅಲ್ಲಿ ಏನು ಮಾಡುತ್ತಾರೆ, ಅದರಿಂದ ಏನು ಬರುತ್ತದೆ, ಏನು ಬರುವುದಿಲ್ಲ ಎನ್ನುವುದನ್ನು ಬಿಡಿಸಿ ನೋಡಬೇಕು ಅನಿಸಿತು.

ಮಾರ್ಮನ್ನರು ಎಂದು ಜನ ಕರೆಯುವ, ‘ಕಡೆಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’ ಎಂದು ತಾವು ಕರೆದುಕೊಳ್ಳುವ ಈ ಸಮುದಾಯದಲ್ಲಿ ಹುಡುಗರು ಎರಡು ವರ್ಷ, ಹುಡುಗಿಯರು ಹದಿನೆಂಟು ತಿಂಗಳು ಮಿಷನರಿಗಳಾಗಿ ಹೋಗುತ್ತಾರೆ. ಹುಡುಗರಿಗೆ ಹೊರಡುವ ವಯಸ್ಸು ಮೊದಲು 19 ಇತ್ತು. 2012ರಲ್ಲಿ ಅದು 18ಕ್ಕೆ ಇಳಿಯಿತು. ಹೊರಡುವವರ ಸಂಖ್ಯೆ ಒಮ್ಮೆಗೇ ಏರಿದ್ದರಿಂದ ತರಬೇತಿಯ ಅವಧಿಯನ್ನೂ ಮೂರನೇ ಒಂದು ಪಾಲಿನಷ್ಟು ಕಡಿತ ಮಾಡಿದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ, ಯಾವಾಗಲೂ ಜೋಡಿ: ಬೆಂಗಳೂರಿನಲ್ಲೂ ಇವರನ್ನು ಕಂಡವರಿದ್ದಾರೆ. 1993ರಿಂದ ಅವರ ಒಂದು ಮಿಷನ್ನಿನ ಕೇಂದ್ರ ಇಲ್ಲೇ ಇದೆ. ಭಾರತದ ತಮ್ಮ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರಲ್ಲಿ ಹೇಳಿದ್ದೂ ಸುದ್ದಿಯಾಗಿತ್ತು. ನಾನಿಲ್ಲಿ ಹಿಡಿದಿರುವುದು ಜಪಾನಿಗೆ ಹೋಗುವವರ ದಾರಿಯನ್ನು. ಕನ್ನಡ ಬಲ್ಲವರಿಗೆ ಆ ದಾರಿಯಲ್ಲಿ ಬೇರೆಯವರಿಗೆ ಕಾಣದ ಕೆಲವು ಗುರುತುಗಳು ಕಾಣುತ್ತವೆ, ಅದಕ್ಕೆ.

ಮೂರನೆಯ ದಿನದ ಪಾಠ

2020ರ ನಂತರ ತರಬೇತಿಯ ಮೊದಲ ಭಾಗ ಮನೆಯಲ್ಲೇ ವಿಡಿಯೊ ಕರೆಯ ಮೂಲಕ ನಡೆಯುತ್ತದೆ, ಆಮೇಲೆ ಪ್ರೋವೊ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಇರುವ ಆ ಕೇಂದ್ರದಲ್ಲಿ ಒಮ್ಮೆಗೆ 3,700 ಜನ ಇರಬಹುದು. ಹತ್ತು ಹನ್ನೆರಡು ಜನರ ಒಂದು ಗುಂಪು, ಅದಕ್ಕೆ ‘ಡಿಸ್ಟ್ರಿಕ್ಟ್’ ಎಂದು ಹೆಸರು. ಇಡೀ ತರಬೇತಿ ಆ ಗುಂಪಿನಲ್ಲೇ. ಬೆಳಿಗ್ಗೆ ಆರೂವರೆಗೆ ಎದ್ದರೆ ರಾತ್ರಿ ಹತ್ತೂವರೆಗೆ ದೀಪ ಆರಬೇಕು. ನಡುವೆ ಮೂರು ಮೂರು ಗಂಟೆಯ ತರಗತಿಗಳು, ಸ್ವಂತ ಓದು, ಅರ್ಧ ಗಂಟೆಯಷ್ಟು ವ್ಯಾಯಾಮ. ಕಲಿಸುವವರು ಹೆಚ್ಚಿನಂಶ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ. ಎರಡು ಮೂರು ವರ್ಷದ ಹಿಂದೆ ತಾವೂ ಜಪಾನಿಗೆ ಹೋಗಿ ಬಂದವರು. ಪ್ರಾಧ್ಯಾಪಕರಲ್ಲ, ವ್ಯಾಕರಣ ಪಂಡಿತರಲ್ಲ. ಈ ಬಾಗಿಲಲ್ಲಿ ತಾವೂ ಮೊನ್ನೆ ಮೊನ್ನೆ ಎಡವಿದವರು, ಎಲ್ಲಿ ಎಡವುತ್ತಾರೆ ಎಂದು ಬಲ್ಲವರು.

ಶಿಕ್ಷಕ ಒಳಗೆ ಬಂದ ಕ್ಷಣದಿಂದ ಜಪಾನಿಯಲ್ಲೇ ಮಾತಾಡುತ್ತಾನೆ. ಯಾರಿಗೂ ಒಂದಕ್ಷರ ತಿಳಿಯುವುದಿಲ್ಲ. ಕೈಸನ್ನೆ, ಬೋರ್ಡಿನ ಮೇಲೆ ಚಿತ್ರ, ಅದೇ ವಾಕ್ಯ ಮೂರು ಸಲ, ನಾಲ್ಕು ಸಲ. ಮೊದಲ ಸಂಜೆಯೇ ಪ್ರಾರ್ಥನೆ ಕಲಿಸುತ್ತಾರೆ. ಅದರ ಎಲುಬು ನಾಲ್ಕೇ ತುಂಡು: ದೇವರನ್ನು ಕರೆಯುವುದು, ಕೃತಜ್ಞತೆ ಹೇಳುವುದು, ಬೇಡಿಕೊಳ್ಳುವುದು, ಯೇಸುವಿನ ಹೆಸರಲ್ಲಿ ಮುಗಿಸುವುದು. ‘ತೆನ್ ನೊ ಒತೋಸಮ’ ಎಂದರೆ ಪರಲೋಕದ ತಂದೆಯೇ. ‘ಕನ್ಶ ಶಿಮಸ್’ ಎಂದರೆ ಕೃತಜ್ಞನಾಗಿದ್ದೇನೆ. ನಡುವಿನ ಖಾಲಿ ಜಾಗದಲ್ಲಿ ಇವತ್ತು ಒಂದು ನಾಮಪದ, ನಾಳೆ ಎರಡು. ಊಟಕ್ಕೆ ಮೊದಲು, ತರಗತಿಗೆ ಮೊದಲು, ಮಲಗುವ ಮೊದಲು: ದಿನಕ್ಕೆ ಹತ್ತು ಸಲವಾದರೂ ಯಾರಾದರೂ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಭಾಷಾಪಾಠದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಹೊಳೆಯುವುದು ಕಷ್ಟ. ಚಿಕ್ಕದು, ಆಕಾರ ಗಟ್ಟಿಯಾಗಿರುವಂಥದ್ದು, ಕೇಳಿಸಿಕೊಳ್ಳುವವನು ತಪ್ಪು ಹಿಡಿಯುವುದಿಲ್ಲ, ಹೇಳುವವನಿಗೆ ಅದರ ಅರ್ಥ ಮೊದಲೇ ಮನಸ್ಸಿನಲ್ಲಿದೆ.

ಪ್ರಾರ್ಥನೆಯ ನಂತರದ ಪಾಠ ಸಾಕ್ಷಿಮಾತು. ‘ದೇವರು ನಮ್ಮನ್ನು ಪ್ರೀತಿಸುತ್ತಾನೆಂದು ನನಗೆ ಗೊತ್ತು’ ಎನ್ನುವ ಬಗೆಯ ವಾಕ್ಯ. ಜಪಾನಿಯಲ್ಲಿ ಅದು ‘ಕಮಿಸಮ ಗ ವತಶಿತಚಿ ಒ ಅಯ್‌ಶಿತೆ ಇರು ಕೊತೊ ಒ ಶಿತ್ತೆ ಇಮಸ್’. ಕೊನೆಯ ‘ಕೊತೊ ಒ ಶಿತ್ತೆ ಇಮಸ್’ ಒಂದು ಮೊಳೆ. ಅದರ ಹಿಂದೆ ಯಾವ ವಾಕ್ಯ ಬೇಕಾದರೂ ನೇತುಹಾಕಬಹುದು.

ಇಷ್ಟು ಕೈಯಲ್ಲಿ ಹಿಡಿದು, ಬಂದ ಮೂರನೆಯ ದಿನವೋ ಹೆಚ್ಚೆಂದರೆ ಮೊದಲ ವಾರದ ಕೊನೆಗೋ ಹುಡುಗರಿಬ್ಬರು ಒಂದು ಬಾಗಿಲು ತಟ್ಟುತ್ತಾರೆ. ಒಳಗೆ ಒಬ್ಬ ಜಪಾನಿ ವ್ಯಕ್ತಿ ಇದ್ದಾನೆ ಎಂದು ಅವರಿಗೆ ಹೇಳಿರುತ್ತಾರೆ. ಅವನಿಗೆ ಹೆಸರಿದೆ, ಸಂಸಾರವಿದೆ, ಕಾಡುವ ಒಂದು ಪ್ರಶ್ನೆಯಿದೆ, ಇಂಗ್ಲಿಷ್ ಬಾರದು. ಅರ್ಧ ಗಂಟೆಯೊಳಗೆ ಅವನೊಂದಿಗೆ ಮಾತಾಡಿ ಬರಬೇಕು. ಹುಡುಗರು ಹಿಂದಿನ ರಾತ್ರಿ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು, ನಿಘಂಟು ಹಿಡಿದು ಪದಕ್ಕೆ ಪದ ಬದಲಿಸಿ ತಂದಿರುತ್ತಾರೆ. ಓದುತ್ತಾರೆ. ಕಣ್ಣು ಕಾಗದದಿಂದ ಏಳುವುದಿಲ್ಲ. ಆ ವ್ಯಕ್ತಿ ನಡುವೆ ಏನೋ ಕೇಳುತ್ತಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ‘ಹಯಿ, ಹಯಿ’ ಎಂದು ತಲೆಯಾಡಿಸಿ, ಬಿಟ್ಟಲ್ಲಿಂದ ಮುಂದೆ ಓದುತ್ತಾರೆ. ಹೊರಗೆ ಬಂದಾಗ ಬೆನ್ನು ಬೆವತಿರುತ್ತದೆ. ಮುಂದಿನ ವಾರ ಅದೇ ವ್ಯಕ್ತಿ ತರಗತಿಗೆ ಬಂದು ‘ನಾನು ನಿಮ್ಮ ಇನ್ನೊಬ್ಬ ಶಿಕ್ಷಕ’ ಎನ್ನುವುದುಂಟು. ಅವನು ಆಡಿದ ಪಾತ್ರ ಕೇವಲ ಕಲ್ಪನೆಯಲ್ಲ. ತಾನು ಜಪಾನಿನಲ್ಲಿ ಕಂಡ ಒಬ್ಬರನ್ನೇ ನೆನೆದು ಅವನು ಆ ಕುರ್ಚಿಯಲ್ಲಿ ಕೂತಿರುತ್ತಾನೆ.

ಈ ಸೋಲು ಪಠ್ಯದ ಭಾಗವೇ. ಎರಡನೆಯ ಭೇಟಿಗೆ ಎರಡು ಪುಟ ಅರ್ಧ ಪುಟವಾಗುತ್ತದೆ. ಮೂರನೆಯದಕ್ಕೆ ಚೀಟಿಯಲ್ಲಿ ಏಳೆಂಟು ಪದ, ಎರಡು ಪ್ರಶ್ನೆ. ‘ದೋ ಒಮೊಯಿಮಸ್ ಕ’, ನಿಮಗೆ ಏನನಿಸುತ್ತದೆ ಎನ್ನುವ ಪ್ರಶ್ನೆಯನ್ನು ಹುಡುಗರು ಬೇಗ ಕಲಿಯುತ್ತಾರೆ. ಅದಕ್ಕೆ ಬರುವ ಉತ್ತರ ಮಾತ್ರ ಅರ್ಥವಾಗುವುದಿಲ್ಲ. ಹಾಗಾಗಿ ಅವರಿಗೆ ಬೇಕಾದ ಮುಂದಿನ ಪಾಠ ಯಾವುದೆಂದು ಶಿಕ್ಷಕ ಹೇಳಬೇಕಾಗಿಲ್ಲ. ನಮ್ಮ ತರಗತಿಗಳಲ್ಲಿ ಮೊದಲು ವ್ಯಾಕರಣ, ಆಮೇಲೆ ವಾಕ್ಯ, ಎಂದಾದರೂ ಒಂದು ದಿನ ಎದುರಿಗೊಬ್ಬ ಮನುಷ್ಯ. ಇಲ್ಲಿ ಮೊದಲು ಮನುಷ್ಯ. ಅವನ ಎದುರು ಬಾಯಿ ಕಟ್ಟಿದ ಮೇಲೆ ವ್ಯಾಕರಣ. ಬೆಂಗಳೂರಿನಲ್ಲಿ ಹೊರಗಿನವರಿಗೆ ಕನ್ನಡ ಕಲಿಸುವ ಎಷ್ಟೋ ತರಗತಿಗಳು ಒಳ್ಳೆಯ ಮನಸ್ಸಿನಿಂದಲೇ ‘ನಾನು, ನೀನು, ಅವನು’ ಎಂದು ಶುರುವಾಗಿ ವಿಭಕ್ತಿಯ ಹೊತ್ತಿಗೆ ಖಾಲಿಯಾಗುವುದನ್ನು ಕಂಡಾಗ ನನಗೆ ಈ ಬಾಗಿಲು ನೆನಪಾಗುತ್ತದೆ.

ನಮಗೆ ಪುಕ್ಕಟೆ ಸಿಕ್ಕಿದ್ದು

ಯೂಟಾದ ಹುಡುಗನಿಗೆ ಜಪಾನಿಯ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಎನ್ನುವುದೇ ಮೊದಲ ಪೆಟ್ಟು. ‘ನಾನು, ಗೊತ್ತು’ ಎಂದು ಶುರು ಮಾಡಿದರೆ ಅವನ ವಾಕ್ಯ ಅಲ್ಲೇ ಮುಗಿದುಹೋಯಿತು. ಪೂರ್ತಿ ವಿಷಯವನ್ನು ಹೇಳಿ, ಕೊನೆಗೆ ‘ಗೊತ್ತು’ ಎನ್ನುವವರೆಗೂ ಉಸಿರು ಹಿಡಿದಿಡಬೇಕು. ನಾವು ಹುಟ್ಟಿದಂದಿನಿಂದ ಹಾಗೆಯೇ ಮಾತಾಡುತ್ತಿದ್ದೇವೆ. ‘ಒ’ ಎಂದರೆ ನಮ್ಮ ‘ಅನ್ನು’, ‘ನಿ’ ಎಂದರೆ ಬಹುಮಟ್ಟಿಗೆ ‘ಗೆ’, ‘ನೊ’ ಎಂದರೆ ಷಷ್ಠಿ. ‘ಹೊಂತೋ ದ ತೊ ಶಿಂಜಿತೆ ಇಮಸ್’ ಎನ್ನುವಲ್ಲಿನ ‘ತೊ’ ನಮ್ಮ ‘ಅಂತ’ವೇ: ನಿಜ ಅಂತ ನಂಬಿದ್ದೇನೆ.

ಎರಡನೆಯ ಮೂರನೆಯ ವಾರ ತಿನ್ನುವುದು ‘ತೆ’ ರೂಪ. ‘ಯೊಮು’ ಓದು, ಅದು ‘ಯೊಂದೆ’ ಆಗುತ್ತದೆ. ‘ಕಕು’ ಬರೆ, ‘ಕಯಿತೆ’. ‘ಇಕು’ ಹೋಗು, ‘ಇತ್ತೆ’. ಯಾವ ಕೊನೆಗೆ ಯಾವ ಬದಲಾವಣೆ ಎಂದು ಗಂಟೆಗಟ್ಟಲೆ ಉರು ಹೊಡೆಯುತ್ತಾರೆ. ಬರು ‘ಬಂದು’ ಆಗಿ, ಕೊಡು ‘ಕೊಟ್ಟು’ ಆಗಿ, ಓದು ‘ಓದಿ’ ಆಗುವ ಭಾಷೆಯವರಿಗೆ ಇದರ ಒಳಗುಟ್ಟು ಹೇಳಿಕೊಡಬೇಕಾಗಿಲ್ಲ. ಆ ಹುಡುಗರು ತಮ್ಮ ಧರ್ಮಗ್ರಂಥವಾದ ‘ಬುಕ್ ಆಫ್ ಮಾರ್ಮನ್’ ಅನ್ನು ಯಾರದಾದರೂ ಕೈಗಿತ್ತು ಹೇಳಬೇಕಾದ ವಾಕ್ಯ ‘ಯೊಂದೆ ಮಿತೆ ಕುದಸಾಯ್’. ‘ಮಿತೆ’ ಎಂದರೆ ನೋಡಿ. ಓದಿ ನೋಡಿ! ಒಂದು ಕೆಲಸವನ್ನು ಪ್ರಯತ್ನಿಸುವುದಕ್ಕೆ ‘ನೋಡು’ ಎನ್ನುವುದು ಇಂಗ್ಲಿಷಿನವನಿಗೆ ಬೋರ್ಡಿನ ಮೇಲೆ ಬರೆದು ವಿವರಿಸಬೇಕಾದ ಸಂಗತಿ. ನಮಗೆ ಅದು ರುಚಿ ನೋಡಿ, ಕೇಳಿ ನೋಡಿ, ಹೋಗಿ ನೋಡಿ. ‘ಯೊಂದೆ ಶಿಮತ್ತ’ ಎಂದರೆ ಓದಿಬಿಟ್ಟೆ. ಇದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಮುಚ್ಚಿಡುವುದಿಲ್ಲ.

ಉಚ್ಚಾರಣೆಯಲ್ಲೂ ಅಷ್ಟೇ. ‘ಒಬಸನ್’ ಎಂದರೆ ಅತ್ತೆ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಕತ್ತರಿಸಿ. ಹ್ರಸ್ವ ದೀರ್ಘ, ಒತ್ತಕ್ಷರ ಇವೆರಡೂ ಇಂಗ್ಲಿಷಿನಲ್ಲಿ ಅರ್ಥ ಬದಲಿಸುವುದಿಲ್ಲ. ಆದ್ದರಿಂದ ಆ ಹುಡುಗನ ಕಿವಿ ಅದನ್ನು ಹಿಡಿಯುವುದೇ ಇಲ್ಲ. ‘ಸುವತ್ತೆ ಕುದಸಾಯ್’, ಕೂತುಕೊಳ್ಳಿ ಎನ್ನಲು ಹೋಗಿ ‘ಸವತ್ತೆ ಕುದಸಾಯ್’, ಮುಟ್ಟಿ ಎನ್ನುವುದು ಹಳೆಯ ತಪ್ಪು. ಇದಕ್ಕೆ ಮದ್ದು ಹೇಳಿಸುವುದಲ್ಲ, ಕೇಳಿಸುವುದು: ಎರಡು ಪದ ಕೇಳಿಸಿ ಯಾವುದು ಎಂದು ಬೆರಳು ತೋರಿಸಲು ಹೇಳಬೇಕು. ಕಿವಿ ಬೇರೆ ಮಾಡಿದ್ದನ್ನು ಬಾಯಿ ನಿಧಾನಕ್ಕೆ ಬೇರೆ ಮಾಡುತ್ತದೆ.

ಪ್ರಾರ್ಥನೆಯ ಸರ್ವನಾಮ ಇನ್ನೊಂದು ತೊಡಕು. ದೇವರನ್ನು ನಾವು ‘ನೀನು’ ಎನ್ನುತ್ತೇವೆ. ದಾಸರೂ ಎಂದರು, ಕನ್ನಡ ಬೈಬಲ್ಲೂ ಎನ್ನುತ್ತದೆ. ಆದರೆ ಬಾಗಿಲು ತೆರೆದ ಅಪರಿಚಿತರಿಗೆ ‘ನೀವು’. ಜಪಾನಿಯ ಪ್ರಾರ್ಥನೆಯಲ್ಲಿ ಏಕವಚನದ ಆ ಸಲಿಗೆಯಿಲ್ಲ, ಗೌರವದ ರೂಪಗಳೇ ಉದ್ದಕ್ಕೂ. ‘ಒತೋಸಮ’ದ ‘ಸಮ’ ಬಹುವಚನಕ್ಕಿಂತ ಎತ್ತರದ ಮರ್ಯಾದೆ. ಹತ್ತಿರವಾಗಲು ಹೋಗುವ ಒಂದು ಮಾತಿಗೆ ಎರಡು ಭಾಷೆಗಳು ಎದುರುಬದುರು ದಾರಿ ಹಿಡಿದಿವೆ.

ಜೊತೆಗಾರ

ಹುಡುಗನಿಗೆ ಒಬ್ಬ ಜೊತೆಗಾರನನ್ನು ಕೊಡುತ್ತಾರೆ, ಆರಿಸಿಕೊಳ್ಳುವ ಹಾಗಿಲ್ಲ. ಊಟ, ಓದು, ಪಾಠ, ನಡಿಗೆ ಎಲ್ಲ ಒಟ್ಟಿಗೆ. ಒಬ್ಬನ ಕಣ್ಣಳತೆಯಿಂದ ಇನ್ನೊಬ್ಬ ಹೊರಗೆ ಹೋಗುವಂತಿಲ್ಲ. ಈ ನಿಯಮ ಇರುವುದು ಬೇರೆ ಕಾರಣಗಳಿಗೆ, ಆದರೆ ಭಾಷೆಗೆ ಅದರಿಂದ ದೊಡ್ಡ ಉಪಕಾರ: ಮಾತಾಡಲು ಯಾರೂ ಸಿಗಲಿಲ್ಲ ಎಂದು ಹೇಳುವಂತಿಲ್ಲ. ‘ನಿನ್ನ ಭಾಷೆಯನ್ನೇ ಆಡು’ ಎನ್ನುವುದು ಅಲ್ಲಿನ ಕಟ್ಟಪ್ಪಣೆ. ‘ನಿನ್ನ ಭಾಷೆ’ ಎಂದರೆ ಇಲ್ಲಿ ಕಲಿಯುತ್ತಿರುವ ಭಾಷೆ. ಊಟದ ಮನೆಯಲ್ಲಿ ಉಪ್ಪು ಬೇಕಿದ್ದರೆ ಜಪಾನಿಯಲ್ಲಿ ಕೇಳಬೇಕು, ಪದ ಬಾರದಿದ್ದರೆ ಸುತ್ತಿ ಬಳಸಿ ವಿವರಿಸಬೇಕು.

ಕೆಡುವುದೂ ಇಲ್ಲೇ. ಬೆಳಿಗ್ಗೆ ಜಪಾನಿಯಲ್ಲಿ ಶುರುವಾದದ್ದು ಸಂಜೆ ದಣಿವಿನ ಹೊತ್ತಿಗೆ ಇಂಗ್ಲಿಷಿಗೆ ಜಾರುತ್ತದೆ. ಗುಂಪಿನಲ್ಲಿ ಒಬ್ಬ ಜಾರಿದರೆ ಹತ್ತೂ ಜನ ಜಾರುತ್ತಾರೆ. ಎರಡನೆಯ ಅಪಾಯ, ಇಬ್ಬರೂ ಸೇರಿ ತಮ್ಮಿಬ್ಬರಿಗೇ ಅರ್ಥವಾಗುವ ಒಂದು ಕಲಬೆರಕೆ ಜಪಾನಿ ಕಟ್ಟಿಕೊಳ್ಳುವುದು. ಅದು ಸರಾಗವಾಗಿ ಹರಿಯುತ್ತದೆ, ತಪ್ಪು ತಪ್ಪೆಂದೇ ತೋರುವುದಿಲ್ಲ, ಒಂದು ತಿಂಗಳಲ್ಲಿ ಕಲ್ಲಾಗುತ್ತದೆ. ಅದಕ್ಕೇ ಜಪಾನಿ ಬಲ್ಲ ಸ್ವಯಂಸೇವಕರ ಜೊತೆ ಮಾತಾಡಿಸುವ ವ್ಯವಸ್ಥೆ ಇದೆ. ಕಲಬೆರಕೆಯನ್ನು ಒಡೆಯುವುದು ಅದರ ಒಳಗಿಲ್ಲದ ಮೂರನೆಯವರು ಮಾತ್ರ. ಪ್ರಾರ್ಥನೆಗೂ ಇದೇ ಗತಿ. ಮೊದಲ ವಾರ ಆಸರೆಯಾಗಿದ್ದ ಆ ನಾಲ್ಕು ತುಂಡುಗಳು ಐದನೆಯ ವಾರದಲ್ಲೂ ಅದೇ ಪದಗಳಲ್ಲಿ ಬರುತ್ತಿದ್ದರೆ ಅದು ಬೆಳವಣಿಗೆ ನಿಂತ ಗುರುತು. ಒಳ್ಳೆಯ ಶಿಕ್ಷಕರು ‘ಇವತ್ತು ನಿನ್ನೆ ಬಳಸದ ಎರಡು ಕ್ರಿಯಾಪದ ಬಳಸಿ’ ಎಂದು ಸಣ್ಣ ಷರತ್ತು ಹಾಕುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ಬೇಗ ಭಾಷೆ ಬರುವುದನ್ನು ಅವರು ‘ಭಾಷಾವರ’ ಎನ್ನುತ್ತಾರೆ, ದೇವರು ಕೊಡುವ ವರ. ಹುಡುಗನ ಭಯ ಕಳೆಯುವುದಕ್ಕೆ ಈ ನಂಬಿಕೆ ತುಂಬಾ ಕೆಲಸ ಮಾಡುತ್ತದೆ. ತಪ್ಪಾದರೂ ಬಾಯಿ ತೆರೆಯುತ್ತಾನೆ. ಆದರೆ ಪಕ್ಕದವನಿಗೆ ಬಂದ ಭಾಷೆ ತನಗೆ ಬಾರದಿದ್ದಾಗ ಅದೇ ನಂಬಿಕೆ ತಿರುಗಿ ಚುಚ್ಚುತ್ತದೆ. ‘ತೆ’ ರೂಪ ಬಾರದಿರುವುದು ನನ್ನ ಭಕ್ತಿಯ ಕೊರತೆಯೇ ಎಂದು ಒಬ್ಬ ಹದಿನೆಂಟರ ಹುಡುಗ ರಾತ್ರಿ ನಿದ್ದೆಗೆಡಬಾರದು. ಕಿವಿಗೆ ಇನ್ನೂ ನೂರು ಗಂಟೆ ಬೇಕು, ಅಷ್ಟೇ ಎಂದು ಯಾರಾದರೂ ದೊಡ್ಡವರು ಅವನಿಗೆ ನೇರವಾಗಿ ಹೇಳಬೇಕು.

ಬಾಯಿಪಾಠದ ಕಾಲ, ಅದಕ್ಕೂ ಹಿಂದಿನದು

ಈ ಕೇಂದ್ರ ಹುಟ್ಟಿದ್ದು ವೀಸಾ ತಡವಾದ್ದರಿಂದ. ಮೆಕ್ಸಿಕೊ, ಅರ್ಜೆಂಟೀನಕ್ಕೆ ಹೋಗಬೇಕಾದವರು ಕಾಯುತ್ತಾ ಕೂತಿದ್ದರು. 1961ರಲ್ಲಿ ಆ ಕಾಯುವ ಹೊತ್ತಿಗೆ ಸ್ಪ್ಯಾನಿಷ್ ಕಲಿಸಲು ವಿಶ್ವವಿದ್ಯಾಲಯದಲ್ಲಿ ಒಂದು ಏರ್ಪಾಡು ಮಾಡಿದರು. ಜಗತ್ತಿನಾದ್ಯಂತ ಒಂದೇ ಬಗೆಯ ಆರು ಪಾಠಗಳು ಬಂದದ್ದೂ ಅದೇ ವರ್ಷ. ಆಗಿನ ಪದ್ಧತಿ ಆ ಪಾಠಗಳನ್ನು ಅಕ್ಷರಕ್ಕಕ್ಷರ ಬಾಯಿಪಾಠ ಮಾಡಿ ಒಪ್ಪಿಸುವುದು. ಎದುರಿನವರು ನಡುವೆ ಪ್ರಶ್ನೆ ಕೇಳಿದರೆ ದಾರ ಕಡಿದು, ಮತ್ತೆ ಮೊದಲಿನಿಂದ ಶುರು. 2004ರ ಕೈಪಿಡಿಯೊಂದಿಗೆ ಬಾಯಿಪಾಠವನ್ನು ಪೂರ್ತಿ ಬಿಟ್ಟರು, ವಿಷಯ ತಿಳಿದು ಸ್ವಂತ ಮಾತಿನಲ್ಲಿ ಹೇಳಿ ಎಂದರು. ಬಾಯಿಪಾಠ ನಿಷ್ಪ್ರಯೋಜಕ ಎಂದು ನಾನು ಹೇಳಲಾರೆ. ಮಗ್ಗಿ, ಅಮರಕೋಶ ಉರು ಹೊಡೆದು ಬೆಳೆದ ನಾಡಿನವರು ಹಾಗೆ ಹೇಳಬಾರದು. ಭಾಷೆಯ ಲಯ ಅದರಿಂದ ನಾಲಿಗೆಗೆ ಇಳಿಯುತ್ತದೆ. ಕೇಳಿಸಿಕೊಳ್ಳುವ ಅಭ್ಯಾಸವೊಂದು ಮಾತ್ರ ಅದರಲ್ಲಿ ಸಿಗದು.

ಅದಕ್ಕೂ ಹಿಂದೆ ಏನೂ ಇರಲಿಲ್ಲ. 1901ರ ಆಗಸ್ಟ್‌ನಲ್ಲಿ ಮೊದಲ ನಾಲ್ವರು ಯೊಕೊಹಾಮಾದಲ್ಲಿ ಇಳಿದಾಗ ಅವರಿಗೆ ಜಪಾನಿ ಬಾರದು, ಕಲಿಸಿ ಕಳಿಸುವವರೂ ಇರಲಿಲ್ಲ. ಅವರಲ್ಲಿ ಕಿರಿಯನಾದ ಆಲ್ಮಾ ಟೇಲರನಿಗೆ 19 ವರ್ಷ. ಅವನು 1910ರವರೆಗೆ ಅಲ್ಲೇ ಉಳಿದ, ಅವರ ಗ್ರಂಥದ ಜಪಾನಿ ಅನುವಾದವನ್ನು ಅವನೇ ಮಾಡಿದ, ಅದು 1909ರಲ್ಲಿ ಅಚ್ಚಾಯಿತು. ನಮಗೆ ಈ ಬಗೆಯ ಕಥೆ ಗೊತ್ತು. ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದರ ಹುಡುಗ, ನಿಘಂಟು ಹೊರಬಂದದ್ದು 1894ರಲ್ಲಿ. ಆ ಬಗೆಯ ಕಲಿಕೆಗೆ ಒಂದು ಆಯಸ್ಸೇ ಬೇಕಾಗಿತ್ತು. ಎರಡು ವರ್ಷಕ್ಕೆ ಹಿಂತಿರುಗುವ ಹುಡುಗನಿಂದ ನಿಘಂಟನ್ನು ಕೇಳುವುದು ಸರಿಯಲ್ಲ.

ಕೋಬೆಯಲ್ಲಿ ಇಳಿದ ಮೇಲೆ

ಒಂಬತ್ತು ವಾರದ ಕೊನೆಗೆ ಹುಡುಗನಿಗೆ ‘ಕುಯಿಅರತಮೆ’ ಎಂದರೆ ಪಶ್ಚಾತ್ತಾಪ ಎಂದು ಗೊತ್ತು. ‘ಶಿಂಕೆನ್’ ಎಂದರೆ ಯಾಜಕತ್ವ ಎಂದು ಗೊತ್ತು. ಆದರೆ ರಸ್ತೆಯ ಜಪಾನಿಯ ಕಿವಿಯಲ್ಲಿ ಅದೇ ಶಬ್ದ ‘ಗಂಭೀರ’ ಎಂದೂ ಕೇಳುತ್ತದೆ ಎನ್ನುವುದು ಗೊತ್ತಿಲ್ಲ. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯವರು ಚೀಲ ಬೇಕೇ ಎಂದು ಕೇಳುತ್ತಾರೆ. 2020ರ ಜುಲೈಯಿಂದ ಪ್ಲಾಸ್ಟಿಕ್ ಚೀಲಕ್ಕೆ ಕಾಸು ಕೊಡಬೇಕಾದ್ದರಿಂದ ಎಲ್ಲ ಕಡೆಯೂ ಆ ಪ್ರಶ್ನೆ ಇದ್ದೇ ಇರುತ್ತದೆ. ‘ಫುಕುರೊ’, ಚೀಲ, ಎನ್ನುವ ಪದ ಅವನ ಯಾವ ಪಾಠದಲ್ಲೂ ಬಂದಿರುವುದಿಲ್ಲ.

ಪಶ್ಚಿಮ ಜಪಾನಿನ ಈ ಕೋಬೆ ಕಡೆಯ ಮಾತು ಬೇರೆ. ‘ವಕರಿಮಸೆನ್’, ತಿಳಿಯುವುದಿಲ್ಲ ಎಂದು ಕಲಿತು ಹೋದವನಿಗೆ ಅಲ್ಲಿ ಕೇಳುವುದು ‘ವಕರಹೆನ್’. ‘ಹೊಂತೋ’ ಅಲ್ಲ ‘ಹೊನ್ಮ’, ಕೂಡದು ಎನ್ನುವುದಕ್ಕೆ ‘ಅಕನ್’. ಮೈಸೂರಿನಲ್ಲಿ ‘ಏನು ಮಾಡುತ್ತಿದ್ದೀರಿ’ ಕಲಿತು ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ‘ಏನ್ ಮಾಡಾಕತ್ತೀರಿ’ ಕೇಳಿದವನ ಸ್ಥಿತಿ ಅದು. ಇಲ್ಲಿಂದ ಮುಂದಿನ 12 ವಾರ ಒಬ್ಬ ಹಿರಿಯ ಜೊತೆಗಾರ ಅವನಿಗೆ ತರಬೇತುದಾರ. ದಿನವೂ ಭಾಷೆಗೆಂದೇ ಮೀಸಲಿಟ್ಟ ಹೊತ್ತಿರುತ್ತದೆ. ಆ ಹೊತ್ತನ್ನು ಹೊಸ ಅಧ್ಯಾಯ ಓದುವುದಕ್ಕಿಂತ ಹಿಂದಿನ ದಿನ ಕೇಳಿ ಅರ್ಥವಾಗದ್ದನ್ನು ಬಿಡಿಸುವುದಕ್ಕೆ ಕೊಟ್ಟವರು ಬೇಗ ಮೇಲೇರುತ್ತಾರೆ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಸಾಕು. ಪದವನ್ನಷ್ಟೇ ಬರೆದರೆ ಪ್ರಯೋಜನವಿಲ್ಲ. ವಾಕ್ಯ ಪೂರ್ತಿ ಬೇಕು, ಯಾರು ಹೇಳಿದರು, ಎಲ್ಲಿ, ಹೇಳುವಾಗ ಬಾಗಿಲು ಎಷ್ಟು ತೆರೆದಿತ್ತು ಎನ್ನುವುದೂ ಬೇಕು.

ಏಕೆಂದರೆ ಬಾಗಿಲಲ್ಲಿ ಯಾರೂ ‘ಬೇಡ’ ಎನ್ನುವುದಿಲ್ಲ. ‘ಕೆಕ್ಕೋ ದೆಸ್’ ಎನ್ನುತ್ತಾರೆ. ನಿಘಂಟಿನಲ್ಲಿ ಅದಕ್ಕೆ ‘ಚೆನ್ನಾಗಿದೆ’ ಎಂದೂ ಅರ್ಥವಿದೆ, ಹುಡುಗ ಅದನ್ನು ಹಿಡಿದು ಒಳಗೆ ಕಾಲಿಡಲು ನೋಡುತ್ತಾನೆ. ‘ಹಯಿ’ ಎಂದರೆ ಹೌದು ಎಂದು ಕಲಿತಿದ್ದಾನೆ, ಕೇಳಿಸಿಕೊಳ್ಳುತ್ತಿದ್ದೇನೆ ಎನ್ನುವಷ್ಟಕ್ಕೂ ಅವರು ಹಾಗೆನ್ನುತ್ತಾರೆ. ಒಬ್ಬ ಹೆಂಗಸು ಅವರ ಮಾತನ್ನು ತಾಳ್ಮೆಯಿಂದ ಕೇಳಿ, ಪುಸ್ತಕ ಕೈಗೆ ತೆಗೆದುಕೊಂಡು, ತಲೆಬಾಗಿ, ‘ಕಂಗಾಯೆತೆ ಒಕಿಮಸ್’ ಎನ್ನುತ್ತಾಳೆ. ಯೋಚನೆ ಮಾಡಿ ಇಟ್ಟಿರುತ್ತೇನೆ. ಕ್ರಿಯಾಪದ ಸರಿಯಾಗಿ ಅರ್ಥವಾಯಿತು, ‘ತೆ’ ರೂಪವೂ ಗುರುತು ಸಿಕ್ಕಿತು ಎಂದು ಹುಡುಗನಿಗೆ ಹಿಗ್ಗು. ಮೆಟ್ಟಿಲಿಳಿಯುತ್ತಾ ಹಿರಿಯ ಜೊತೆಗಾರ ಆ ವಾಕ್ಯ ಬರೆದುಕೋ ಎನ್ನುತ್ತಾನೆ. ಮನೆಗೆ ಬಂದ ನೆಂಟರ ಸಂಬಂಧ ಮಾತುಕತೆಯ ಕೊನೆಗೆ, ಕಾಫಿ ಲೋಟ ಕೆಳಗಿಟ್ಟು, ನಮ್ಮ ಹಿರಿಯರು ‘ನೋಡೋಣ’ ಎನ್ನುತ್ತಾರಲ್ಲ, ಇದು ಅದೇ.